ಕೀಲಿ ಹಾಕಿದ ಬಾಗಿಲ ಹಿಂದಿನ ದನಿ

ನಮ್ಮ ಓಣಿಯಲ್ಲಿ ತೆಗೆದ ಸಿನೆಮಾ ಒಂದಿದೆ. ಅದರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ನೋಡಲು ಹೋಗುತ್ತೀರಿ, ನೋಡಿ ಬಂದು ಮೊದಲನೇ ಸೀನು ಭಾರಿ ಇದೆ, ಎದೆ ಝಲ್ ಎಂದಿತು ಎನ್ನುತ್ತೀರಿ. ಹಾಗೆ ಹೇಳಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹುಬ್ಬಳ್ಳಿಯಿಂದ ನೂಲು ತರುವ ವ್ಯಾಪಾರಿಯೊಬ್ಬ ನಮ್ಮ ಕಟ್ಟೆಯ ಮೇಲೇ ಕುಳಿತು, ನಾನೇ ಕೊಟ್ಟ ಚಹಾ ಕುಡಿಯುತ್ತ, ಆ ಸೀನನ್ನು ಕೈ ಬೀಸಿ ಬೀಸಿ ಬಣ್ಣಿಸಿದ. ಅವನ ಕೈಯ ಕಪ್ಪು-ಬಸಿ ಕಸಿದುಕೊಂಡು ಒಳಗೆ ಹೋಗಬೇಕೆನ್ನಿಸಿತು. ಆ ಸೀನು ಹೇಗೆ ಆಯಿತೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅದು ಆಗುವಾಗ ನಾನು ಎದುರುಮನೆಯ ಹೊಸ್ತಿಲಲ್ಲಿ ನಿಂತಿದ್ದೆ.

ನನ್ನ ಹೆಸರು ವೀರವ್ವ. ಗಜೇಂದ್ರಗಡದಲ್ಲಿ ಗುಡ್ಡದ ಬುಡಕ್ಕಿರುವ ನೇಕಾರರ ಓಣಿ ನಮ್ಮದು. ಮನೆ ಮನೆಯಲ್ಲೂ ನೆಲಕ್ಕೆ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಬೆಳಗಿನಿಂದ ದೀಪ ಹಚ್ಚುವ ತನಕ ಖಟ್ ಖಟ್ ಸಪ್ಪಳ. ಪರವೂರಿನವರು ಬಂದರೆ ತಲೆನೋವು ಎನ್ನುತ್ತಾರೆ. ನಮಗೆ ಅದು ಕೇಳಿಸುವುದೇ ಇಲ್ಲ, ಕೂಸುಗಳು ಅದರಲ್ಲೇ ನಿದ್ದೆ ಹೋಗುತ್ತವೆ. ಒಂದು ಮಗ್ಗ ನಿಂತರೆ ಯಾರೂ ತಲೆ ಎತ್ತುವುದಿಲ್ಲ. ಎಳೆ ಹರಿದಿರುತ್ತದೆ, ಇಲ್ಲವೆ ನೀರು ಕುಡಿಯಲು ಎದ್ದಿರುತ್ತಾರೆ. ಅಮಾವಾಸ್ಯೆಗೆ ನೇಯುವುದಿಲ್ಲ, ಅದು ಮೊದಲೇ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ನಡುಹಗಲು ಓಣಿಯ ಮಗ್ಗಗಳೆಲ್ಲ ಒಂದರ ಹಿಂದೆ ಒಂದು ನಿಂತವೆಂದರೆ ಓಣಿಯಲ್ಲಿ ಸಾವಾಗಿದೆ ಎಂದು ಅರ್ಥ. ಸತ್ತವರ ಮನೆಯ ಮಗ್ಗ ಮೊದಲು ನಿಲ್ಲುತ್ತದೆ. ಪಕ್ಕದವರು ಲಾಳಿ ಕೈಬಿಡುತ್ತಾರೆ, ಅವರ ಪಕ್ಕದವರು ಬಿಡುತ್ತಾರೆ. ಹೆಣ ಓಣಿ ದಾಟುವ ತನಕ ಯಾರೂ ಮತ್ತೆ ಕುಣಿಗೆ ಇಳಿಯುವುದಿಲ್ಲ. ಹೀಗೆ ಸತ್ತ ಸುದ್ದಿಯನ್ನು ನಮ್ಮಲ್ಲಿ ಬಾಯಿ ಬಿಟ್ಟು ಹೇಳುವ ಪದ್ಧತಿಯೇ ಇಲ್ಲ.

ನನ್ನ ಎದುರುಮನೆ ಮುದಿಯಪ್ಪಣ್ಣನದು. ಓಣಿಯ ಕಟ್ಟಕಡೆಯ ಮನೆ. ಅವನ ಹೆಂಡತಿ ಶಂಕ್ರವ್ವ ನನ್ನ ವಾರಗೆಯವಳು. ಅವರಿಗೆ ಮಕ್ಕಳಿಲ್ಲ. ಅವನದು ಮಾತು ಕಡಿಮೆ, ಅವಳದು ಅದಕ್ಕಿಂತ ಕಡಿಮೆ. ಆ ಮನೆಯಲ್ಲಿ ಸಪ್ಪಳ ಮಾಡುತ್ತಿದ್ದುದು ಮಗ್ಗವೊಂದೇ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಾವು ಹೆಂಗಸರು ಯಾರೂ ಹೇಳುವುದಿಲ್ಲ, ನಿಜ. ಆದರೂ ನಮ್ಮಂಥವರು ಹಬ್ಬದಲ್ಲಿ, ಸೀಮಂತದಲ್ಲಿ ಒಡಪು ಕಟ್ಟಿ ಹೆಸರು ಸೇರಿಸಿ ನಗುತ್ತೇವೆ. ಶಂಕ್ರವ್ವ ಅದನ್ನೂ ಮಾಡಿದವಳಲ್ಲ. ಲಗ್ನದಲ್ಲಿ ಒಡಪು ಹೇಳು ಎಂದು ಕಾಡಿದಾಗ ತುಟಿ ಆಡಿಸಿದಳಷ್ಟೇ, ಪಕ್ಕದಲ್ಲಿ ಕುಳಿತವನಿಗೂ ಕೇಳಲಿಲ್ಲವಂತೆ. ಇಬ್ಬರೂ ಒಬ್ಬರಿಗೊಬ್ಬರು ಬೇಕೋ ಬೇಡವೋ ಎಂದು ಓಣಿಯಲ್ಲಿ ಆಗಾಗ ಮಾತು ಬರುತ್ತಿತ್ತು. ನಾನೂ ಆಡಿಕೊಂಡಿದ್ದೇನೆ.

ಏಕೀಕರಣವಾದ ಮರುವರ್ಷ ಮುದಿಯಪ್ಪಣ್ಣನಿಗೆ ಎದೆಯ ಬೇನೆ ಬಂತು. ಕೆಮ್ಮಿದರೆ ಕರವಸ್ತ್ರ ಕೆಂಪಾಗುತ್ತಿತ್ತು. ಅವನನ್ನು ರೋಣದ ದವಾಖಾನೆಯಲ್ಲಿ ಇಟ್ಟರು. ಮಗ್ಗದ ಕುಣಿಗೆ ಹಲಗೆ ಮುಚ್ಚಿ ಶಂಕ್ರವ್ವ ಒಬ್ಬಳೇ ಮನೆಯಲ್ಲಿ ಉಳಿದಳು. ವಾರಕ್ಕೊಮ್ಮೆ ಬಸ್ಸು ಹಿಡಿದು ಬುತ್ತಿ ಒಯ್ದು ಬರುವುದು, ಉಳಿದ ದಿನ ನನ್ನ ಮನೆಗೆ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು. ಸುತ್ತುವಾಗ ಓಣಿಯ ಕಡೆಗೇ ಅವಳ ಕಿವಿ. ಒಂದು ಮಗ್ಗ ಸ್ವಲ್ಪ ಹೊತ್ತು ಹೆಚ್ಚಿಗೆ ನಿಂತರೂ ರಾಟಿ ತಿರುವುವ ಕೈ ತಡೆಯುತ್ತಿತ್ತು.

ಆಗಲೇ ಸಿನೆಮಾದವರು ಬಂದರು. ಮದ್ರಾಸಿನ ಕಂಪನಿ, ಡೈರೆಕ್ಟರು ಮಾತ್ರ ಧಾರವಾಡದ ಕಡೆಯವರು. ಮೊದಲು ನರಗುಂದದ ಗುಡ್ಡ ನೋಡಿದರಂತೆ, ಮನಸ್ಸಿಗೆ ಬರಲಿಲ್ಲವಂತೆ. ನಮ್ಮ ಕೋಟೆ ನೋಡಿ, ಅಲ್ಲಿಂದ ಕೆಳಗಿಳಿದು, ಸಪ್ಪಳ ಹಿಡಿದುಕೊಂಡು ನಮ್ಮ ಓಣಿಗೆ ಬಂದರು. ಓಣಿಯ ಹಿರಿಯ ಪರಶಪ್ಪ ಕಾಕಾ ಅವರನ್ನು ಕಟ್ಟೆಗೆ ಕೂಡಿಸಿ ಮಂಡಕ್ಕಿ ತರಿಸಿದ. ಮಾತು ಅವನ ಬಾಯಲ್ಲಿ ನಿಲ್ಲುವುದಿಲ್ಲ. ಮಗ್ಗ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಹೇಗೆ ನಿಲ್ಲುತ್ತದೆ ಎಂಬುದನ್ನೂ ಹೇಳಿಬಿಟ್ಟ. ಡೈರೆಕ್ಟರು ಮಂಡಕ್ಕಿ ಕೆಳಗಿಟ್ಟರು.

"ಇದ ನನಗ ಬೇಕಾಗಿತ್ತು ನೋಡ್ರಿ" ಎಂದರು. "ಸಿನೆಮಾ ಸುರು ಆಗೋದ ಹಿಂಗ. ಕ್ಯಾಮೆರಾ ಓಣಿ ಈ ತುದಿಯಿಂದ ಹೊರಡತದ. ಭಾಳ ಸಾವಕಾಶ. ನೋಡೋ ಮಂದಿಗೆ ಹಿಂದಿಂದ ದಬ್ಬಬೇಕು ಅನ್ನಿಸಬೇಕು, ಅಷ್ಟು ಸಾವಕಾಶ. ಎಲ್ಲಾ ಕಡೆ ಮಗ್ಗದ ಸಪ್ಪಳ. ಜರಾ ಹೊತ್ತಿಗೆ ಅವರಿಗೆ ರೂಢಿ ಆಗತದ, ಮರತಬಿಡತಾರ. ಆವಾಗ ಒಂದೊಂದ ನಿಲ್ಲಿಸಿಕೋತ ಹೋಗೋದು. ಕಣ್ಣಿಗೆ ಏನೂ ತೋರಿಸೋದಿಲ್ಲ. ಅದ ಗ್ವಾಡಿ, ಅದ ಕಟ್ಟಿ. ಕಿವಿಗೆ ಏನೋ ಕಡಿಮಿ ಆಗೇದ ಅಂತ ಗೊತ್ತಾಗತದ, ಕಣ್ಣು ಅದನ್ನ ಹುಡಕತದ, ಸಿಗೂದಿಲ್ಲ. ಹೆದರಿಕಿ ಹುಟ್ಟೂದು ಅಲ್ಲೆ."

"ಕಡೀಕೇನು ತೋರಸ್ತೀರಿ?" ಎಂದು ಪರಶಪ್ಪ ಕಾಕಾ ಕೇಳಿದ.

"ಒಂದು ಮುಚ್ಚಿದ ಬಾಗಲಾ. ಅದರ ಮುಂದ ಹೋಗಿ ಕ್ಯಾಮೆರಾ ನಿಲ್ಲತದ. ಅಷ್ಟರಾಗ ಕಡೀ ಮಗ್ಗನೂ ನಿಂತಿರತದ. ಮುಂದಿಂದು ಮಂದಿ ತಾವ ತಿಳಕೋತಾರ."

ಸಾವಿಲ್ಲದೆ ಮಗ್ಗ ನಿಲ್ಲಿಸುವುದು ಅಪಶಕುನ ಎಂದು ಅಲ್ಲಿದ್ದವರು ಒಪ್ಪಲಿಲ್ಲ. ಪರಶಪ್ಪ ಕಾಕಾನೇ ದಾರಿ ಹುಡುಕಿದ. "ಬಯಲಾಟದಾಗ ರಾಜಾ ಸತ್ತರ ನಾವೇನು ಸೂತಕ ಹಿಡೀತೀವೇನು? ಓಣಿ ಮಂದಿಗೆಲ್ಲಾ ಮೊದಲ ಹೇಳಿಬಿಟ್ಟರ ಅದು ಆಟ, ಖರೇ ಅಲ್ಲ" ಎಂದ. ಸಿನೆಮಾದ ನಾಯಕಿ ನಮ್ಮ ಓಣಿಯದೇ ಸೀರೆ ಉಡುತ್ತಾಳೆ ಎಂದು ಡೈರೆಕ್ಟರು ಹೇಳಿದ ಮೇಲೆ ಗಂಡಸರ ಮುಖ ಅರಳಿತು. ನನ್ನ ಗಂಡ ತಾನೇ ಆ ಸೀರೆ ಉಡುವವನ ಹಾಗೆ ಬೀಗುತ್ತ ಮನೆಗೆ ಬಂದ.

ಹೇಳುವ ಕೆಲಸ ಹೀಗೆ ಆಯಿತು. ಗಂಡಸರು ತಂತಮ್ಮ ಮನೆಯಲ್ಲಿ ಹೇಳಿದರು. ಕಟ್ಟೆಗೆ ಬಾರದೆ ಇದ್ದವರಿಗೆ ಎಂದಿನಂತೆ ಮಗ್ಗದಿಂದ ಮಗ್ಗಕ್ಕೆ ಹೇಳಿದರು. ಕುಣಿಯಲ್ಲಿ ಕುಳಿತವನು ಏಳುವುದಿಲ್ಲ, ನಡುಗೋಡೆಗೆ ಬಡಿದು ಆಚೆಯವನಿಗೆ ಕೂಗಿ ಹೇಳುತ್ತಾನೆ. ನಮ್ಮ ಓಣಿಯ ಸುದ್ದಿ ಹೋಗುವುದೇ ಹಾಗೆ. ಶಂಕ್ರವ್ವನ ಮನೆಯಲ್ಲಿ ಗಂಡಸು ಇರಲಿಲ್ಲ, ಗೋಡೆಯ ಆಚೆ ಮಗ್ಗದಲ್ಲಿ ಯಾರೂ ಕುಳಿತಿರಲಿಲ್ಲ. ಸುದ್ದಿ ಅವಳ ಗೋಡೆಯ ಈಚೆಗೇ ನಿಂತಿತು. ಯಾರೋ ಹೇಳಿರುತ್ತಾರೆ ಎಂದು ಇಡೀ ಓಣಿ ತಿಳಿದಿತ್ತು. ಅಷ್ಟು ದೊಡ್ಡ ಓಣಿಯಲ್ಲಿ ಒಬ್ಬರೂ, ಎದುರಿಗೇ ಇದ್ದ ನಾನೂ, ಅವಳ ಬಾಗಿಲು ಬಡಿಯಲಿಲ್ಲ. ಇದನ್ನು ನೆನೆದಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಮರುದಿನ ಸೋಮವಾರ. ಶಂಕ್ರವ್ವ ನಸುಕಿನಲ್ಲೇ ಎದ್ದು, ಹೊರಬಾಗಿಲಿಗೆ ಕೀಲಿ ಹಾಕಿ, ಗಂಡನ ಹೆಸರಿನ ಹರಕೆ ತೀರಿಸಲು ಕಾಲಕಾಲೇಶ್ವರನ ಗುಡ್ಡಕ್ಕೆ ಹೋದಳು. ಬಿಸಿಲೇರುತ್ತಲೇ ಸಿನೆಮಾದವರು ಓಣಿಯುದ್ದಕ್ಕೂ ಹಳಿ ಹಾಕಿದರು. ಹಳಿಯ ಮೇಲೆ ಗಾಲಿಯ ಗಾಡಿ, ಗಾಡಿಯ ಮೇಲೆ ಕ್ಯಾಮೆರಾ. ಸಪ್ಪಳ ಹಿಡಿಯುವವನೊಬ್ಬ ಎರಡೂ ಕಿವಿಗೆ ಕರಿ ಬಟ್ಟಲು ಹಾಕಿಕೊಂಡು ವ್ಯಾನಿನಲ್ಲಿ ಕುಳಿತಿದ್ದ. ಮುಚ್ಚಿದ ಬಾಗಿಲು ಬೇಕೆಂದಿದ್ದರಲ್ಲ, ಓಣಿಯ ಕೊನೆಗೆ ಕೀಲಿ ಹಾಕಿದ ಬಾಗಿಲೇ ಸಿಕ್ಕಿತು. "ಒಳಗ ಯಾರರೆ ಅದಾರೇನು?" ಎಂದು ಡೈರೆಕ್ಟರು ಕೇಳಿದರು. "ಯಾರೂ ಇಲ್ರಿ, ಕೀಲಿ ಕಾಣೂದಿಲ್ಲೇನು" ಎಂದ ಪರಶಪ್ಪ ಕಾಕಾ. ಒಳಗೆ ಮಗ್ಗ ನಡೆಯದ ಮನೆ ಎಂದು ಒಂದು ಮೈಕನ್ನು ಆ ಬಾಗಿಲ ಚೌಕಟ್ಟಿನ ಮೇಲೇ ಕಟ್ಟಿದರು.

ಶಂಕ್ರವ್ವ ಗುಡ್ಡದಿಂದ ಇಳಿದು ಹಿತ್ತಲ ದಾರಿಯಿಂದ ಮನೆ ಸೇರಿದ್ದು ಯಾರಿಗೂ ಗೊತ್ತಾಗಲಿಲ್ಲ.

ಡೈರೆಕ್ಟರು ಕೈ ಎತ್ತಿ ಇಳಿಸಿದರು. ಕ್ಯಾಮೆರಾ ಹೊರಟಿತು. ಇಬ್ಬರು ಗಂಡಸರು ಬರಿಗಾಲಲ್ಲಿ ಗಾಡಿಯನ್ನು ದಬ್ಬುತ್ತಿದ್ದರು, ಎತ್ತಿನ ಗಾಡಿಯೂ ಅಷ್ಟು ಸಾವಕಾಶ ಹೋಗುವುದಿಲ್ಲ. ನಾವು ಹೆಂಗಸರು ಹೊಸ್ತಿಲ ಒಳಗೆ ನಿಂತು, ಸೆರಗು ಬಾಯಿಗೆ ಹಿಡಿದು ನಗು ತಡೆದುಕೊಂಡಿದ್ದೆವು. ಓಣಿಯ ತುದಿಯ ಮಗ್ಗ ನಿಂತಿತು. ಅದರ ಎದುರಿನದು ನಿಂತಿತು. ಆಮೇಲೆ ಮೂರನೆಯದು. ಸಪ್ಪಳ ತೆಳ್ಳಗಾಗುತ್ತ ನಮ್ಮ ಕಡೆಗೆ ಬರುತ್ತಿತ್ತು. ಆಟ ಎಂದು ಗೊತ್ತಿದ್ದರೂ ನನ್ನ ನಗು ಹೋಯಿತು. ಪಕ್ಕದ ಮನೆಯ ಮುದುಕಿ ಮಾನವ್ವ ಕೈ ಮುಗಿದಳು. ಕೊನೆಗೆ ನನ್ನ ಗಂಡನ ಮಗ್ಗ ಒಂದೇ ಉಳಿಯಿತು. ಅದೂ ನಿಂತಿತು. ನಡುಹಗಲಿನಲ್ಲಿ ನಮ್ಮ ಓಣಿ ಅಷ್ಟು ಸುಮ್ಮನಿರುವುದನ್ನು ಕೇಳಿದವರಿಗೆ ಮಾತ್ರ ಅದು ಏನೆಂದು ತಿಳಿಯುತ್ತದೆ.

ಕ್ಯಾಮೆರಾ ಕೀಲಿ ಹಾಕಿದ ಬಾಗಿಲ ಮುಂದೆ ಬಂದು ನಿಂತಿತು. ಆಗ ಒಳಗಿನಿಂದ ಬಳೆ ಒಡೆಯುವ ಸಪ್ಪಳ ಬಂತು. ಒಂದು ಕೈಯದು, ಆಮೇಲೆ ಇನ್ನೊಂದು ಕೈಯದು. ಅದರ ಹಿಂದೆಯೇ ದನಿ.

"ಮುದಿಯಪ್ಪಾ... ಮುದಿಯಪ್ಪಾ... ನನ್ನ ಯಾರ ಕೈಯಾಗ ಕೊಟ್ಟ ಹೋದಿ ಮುದಿಯಪ್ಪಾ..."

ಬಾಗಿಲು ದಡ ದಡ ಬಡಿಯತೊಡಗಿತು. ಕೀಲಿ ಹಾಕಿದವಳು ತಾನೇ ಎಂಬುದು ಅವಳಿಗೆ ಮರೆತುಹೋಗಿತ್ತು. ಗಂಡ ಹೋದ, ಹೆಣ ಓಣಿಗೆ ಬಂದಿದೆ, ತನ್ನನ್ನು ಒಳಗೆ ಹಾಕಿ ಕೀಲಿ ಜಡಿದಿದ್ದಾರೆ ಎಂದೇ ತಿಳಿದು ಬಡಿದಳು. ನಾವು ಯಾರೂ ಹೊಸ್ತಿಲು ದಾಟಲಿಲ್ಲ. ಆಮೇಲೆ ಅವಳಿಗೆ ಹಿತ್ತಲ ಬಾಗಿಲು ನೆನಪಾಗಿ, ಸುತ್ತು ಹಾಕಿ ಓಣಿಗೆ ಓಡಿಬಂದಳು. ತಲೆ ಬಿಚ್ಚಿತ್ತು, ಕುಂಕುಮ ಹಣೆಯುದ್ದಕ್ಕೂ ಒರೆಸಿತ್ತು, ಮುಂಗೈಯಿಂದ ರಕ್ತ ಇಳಿಯುತ್ತಿತ್ತು. ಕ್ಯಾಮೆರಾ ಇನ್ನೂ ತಿರುಗುತ್ತಲೇ ಇತ್ತು. ಯಾರೂ ಅದನ್ನು ನಿಲ್ಲಿಸಲಿಲ್ಲ.

ನಾನು ಓಡಿಹೋಗಿ ತಬ್ಬಿದೆ. "ಇದು ಆಟ ಐತಿ ಶಂಕ್ರವ್ವ, ಸಿನೆಮಾದ ಆಟ. ಅಣ್ಣಾ ರೋಣದಾಗ ಅರಾಮ ಅದಾನ" ಎಂದೆ. ಅವಳು ನಂಬಲಿಲ್ಲ. ಅವಳಿಗೆ ನಮ್ಮ ಮಾತಿಗಿಂತ ಮಗ್ಗದ ಮೇಲೆ ನಂಬಿಕೆ ಹೆಚ್ಚು. ಕೊನೆಗೆ ಡೈರೆಕ್ಟರು ತಮ್ಮ ಮೋಟಾರಿನಲ್ಲಿ ನಮ್ಮಿಬ್ಬರನ್ನೂ ರೋಣಕ್ಕೆ ಕಳಿಸಿದರು. ದವಾಖಾನೆಯ ಕಿಟಕಿಯಿಂದ ನೋಡಿದಳು. ಮುದಿಯಪ್ಪಣ್ಣ ಹಾಸಿಗೆಯಲ್ಲಿ ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದ. ಅವಳು ನೋಡುತ್ತಲೇ ನಿಂತಳು. ಒಳಗೆ ಹೋಗು ಎಂದರೆ ಬಳೆಯಿಲ್ಲದ ಬರಿಗೈ ತೋರಿಸಿದಳು. ಬರಿಗೈಯಲ್ಲಿ ಬದುಕಿರುವ ಗಂಡನ ಮುಂದೆ ಹೇಗೆ ಹೋಗುವುದು? ಕಾಣದೆಯೇ ತಿರುಗಿ ಬಂದೆವು. ಮರುದಿನ ಬಳೆ ಮಾರುವ ಮುಮತಾಜಬಿ ಏನೂ ಕೇಳದೆ, ಗಾಯಕ್ಕೆ ತಾಗದ ಹಾಗೆ, ಹಸಿರು ಬಳೆ ಏರಿಸಿ ಹೋದಳು.

ಗಂಡ ಬದುಕಿರುವಾಗ ಬಳೆ ಒಡೆದುಕೊಂಡದ್ದು, ಅವನ ಹೆಸರು ಕೂಗಿ ಅತ್ತದ್ದು ಅವನಿಗೆ ತಿಳಿಯಕೂಡದು. ಕ್ಷೀಣವಾದ ಜೀವ, ಕೇಳಿದರೆ ಎದೆ ಒಡೆದೇ ಹೋಗುತ್ತದೆ ಎಂದು ಶಂಕ್ರವ್ವ ಕಂಡ ಕಂಡವರ ಕಾಲು ಹಿಡಿದಳು. ಓಣಿಯವರೆಲ್ಲ ಆಣೆ ಇಟ್ಟರು. ಪರಶಪ್ಪ ಕಾಕಾ ಡೈರೆಕ್ಟರ ಹತ್ತಿರ ಹೋಗಿ, "ಅಕಿ ಮಾರಿ ಸಿನೆಮಾದಾಗ ಬರಬಾರದ್ರಿ" ಎಂದ. ಅವರು ಎದೆಯ ಮೇಲೆ ಕೈಯಿಟ್ಟು, "ಮಾರಿ ಬರೂದಿಲ್ಲ, ಮಾತು ಕೊಟ್ಟೇನಿ" ಎಂದರು. ಮುಖ ಕಾಣದಿದ್ದರೆ ಸಾಕೆಂದು ನಮಗೆ ಸಮಾಧಾನವಾಯಿತು. ಊರಲ್ಲಿ ಗ್ರಾಮಾಫೋನು ಕೇಳಿದವರೇ ನಾವೆಲ್ಲ. ಆದರೂ ದನಿಯ ಬಗ್ಗೆ ಒಂದು ಮಾತು ಹೇಳಬೇಕೆಂದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಮುದಿಯಪ್ಪಣ್ಣ ಬೇಸಿಗೆಗೆ ಮೊದಲೇ ಮನೆಗೆ ಬಂದ. ಸ್ವಲ್ಪ ಮೈ ಹಿಡಿದಿದ್ದ, ಮಗ್ಗದ ಕುಣಿಯ ಹಲಗೆಯನ್ನೂ ತೆಗೆದ. ಹೆಂಡತಿಯ ಕೈ ನೋಡಿ, "ಬಳಿ ಹೊಸಾವು ಅದಾವಲ್ಲ" ಎಂದನಂತೆ. "ಹಳೇವು ಬಿಗಿ ಆಗಿದ್ವು" ಎಂದಳಂತೆ. ಅಷ್ಟಕ್ಕೆ ಮುಗಿಯಿತು.

ಮರುವರ್ಷ ಸುಗ್ಗಿ ಮುಗಿದ ಮೇಲೆ ರಮಜಾನಸಾಬನ ತಂಬು ಸಿನೆಮಾ ಬಂತು. ನರಗುಂದ, ರೋಣ, ಅಬ್ಬಿಗೇರಿ, ಜಕ್ಕಲಿ ಸುತ್ತಿ ನಮ್ಮಲ್ಲಿಗೆ ಬರುವುದು ಅವನ ವಾಡಿಕೆ. ಈ ಸಲ ನಮ್ಮ ಓಣಿಯ ಸಿನೆಮಾ ತಂದಿದ್ದ. ಓಣಿಗೆ ಓಣಿಯೇ ಸಂಜೆಯ ಆಟಕ್ಕೆ ಹೊರಟಿತು. ಮುದಿಯಪ್ಪಣ್ಣ ತೊಳೆದ ಧೋತರ ಉಟ್ಟು, "ನನ್ನ ಮನಿ ಬಾಗಲಾನೂ ಬಂದೈತಂತ, ನೋಡೂಣು ಬಾ" ಎಂದ. ಶಂಕ್ರವ್ವ ನನ್ನ ಕಿವಿಯಲ್ಲಿ, "ಮಾರಿ ಬರೂದಿಲ್ಲ ಹೌದಿಲ್ಲೋ?" ಎಂದು ಎರಡು ಸಲ ಕೇಳಿದಳು. ಇಲ್ಲ ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ತಂಬಿನಲ್ಲಿ ಗಂಡಸರದು ಒಂದು ಕಡೆ, ಹೆಂಗಸರದು ಒಂದು ಕಡೆ, ನಡುವೆ ಗೋಣಿತಟ್ಟಿನ ಮರೆ. ಆಚೆ ಯಾರು ಎಲ್ಲಿ ಕುಳಿತಿದ್ದಾರೆ ಎಂದು ನಮಗೆ ಕಾಣುವುದಿಲ್ಲ. ಮುದಿಯಪ್ಪಣ್ಣ ಎಲ್ಲಿದ್ದಾನೆ ಎಂಬುದು ಮಾತ್ರ ಅವನ ಕೆಮ್ಮಿನಿಂದ ತಿಳಿಯುತ್ತಿತ್ತು. ಗೋಣಿತಟ್ಟಿನ ಪಕ್ಕದಲ್ಲೇ, ನಮಗಿಂತ ಸ್ವಲ್ಪ ಮುಂದೆ. ಪ್ರತಿ ಕೆಮ್ಮಿಗೂ ಶಂಕ್ರವ್ವನ ತಲೆ ಆ ಕಡೆಗೆ ಹೊರಳುತ್ತಿತ್ತು.

ದೀಪ ಆರಿತು. ಹೆಸರುಗಳು ಬರಲೇ ಇಲ್ಲ, ಕತ್ತಲಲ್ಲೇ ಮಗ್ಗದ ಸಪ್ಪಳ ಸುರುವಾಯಿತು. ಜನ ಖುಷಿಯಿಂದ ಸಿಳ್ಳು ಹೊಡೆದರು. ಆಮೇಲೆ ಓಣಿ ಕಾಣಿಸಿತು. ನಮ್ಮ ಕಟ್ಟೆಗಳು, ಒಣಗಲು ಹಾಕಿದ ನೂಲು, ಮಾನವ್ವನ ಮನೆಯ ತುಳಸಿ. ಪ್ರತಿ ಮನೆ ಬಂದಾಗಲೂ ಆ ಮನೆಯವರು ಕೂಗಿದರು. ಕ್ಯಾಮೆರಾ ಸಾವಕಾಶ ಹೋಗುತ್ತಿತ್ತು. ಒಂದು ಮಗ್ಗ ನಿಂತಿತು. ಇನ್ನೊಂದು ನಿಂತಿತು. ಕೂಗುವವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಬೇರೆ ಊರುಗಳಲ್ಲಿ ಈ ಹೊತ್ತಿಗೆ ಹೆದರಿಕೆ ಹುಟ್ಟುತ್ತದೆ, ಯಾಕೆಂದು ಆ ಜನಕ್ಕೆ ಗೊತ್ತಿರುವುದಿಲ್ಲ. ನಮಗೆ ಗೊತ್ತಿತ್ತು. ಗಂಡಸರ ಕಡೆ ಹಿಂದಿನ ಸಾಲಿನಲ್ಲಿದ್ದ ಇಬ್ಬರು ಮುದುಕರು ಎದ್ದು, ಟೋಪಿ ತೆಗೆದು, ಓಣಿಯಲ್ಲಿ ಯಾರು ಹೋದರೋ ಎಂದು ಹೊರಗೆ ನಡೆದೇಬಿಟ್ಟರಂತೆ. ಯಾರೂ ನಗಲಿಲ್ಲ.

ಕೊನೆಯ ಮಗ್ಗ ನಿಂತಿತು. ಪರದೆಯ ತುಂಬ ಕೀಲಿ ಹಾಕಿದ ಬಾಗಿಲು, ಬಿಸಿಲು ಬಿದ್ದ ಕೀಲಿ. ಡೈರೆಕ್ಟರು ಮಾತಿಗೆ ತಪ್ಪಿರಲಿಲ್ಲ, ಮುಖ ಬರಲಿಲ್ಲ. ಬಾಗಿಲು ಹಾಗೇ ಇತ್ತು. ನೋಡಿ ನೋಡಿ ಕಣ್ಣು ಉರಿಯುವಷ್ಟು ಹೊತ್ತು ಇತ್ತು. ಆಗ ಬಳೆ ಒಡೆದವು.

"ಮುದಿಯಪ್ಪಾ... ಮುದಿಯಪ್ಪಾ..."

ಆ ಅಳುವಿಗೆ ಹೊಂದಲಿ ಎಂದು ಕಥೆಯಲ್ಲಿ ಸತ್ತವನಿಗೂ ಮುದಿಯಪ್ಪ ಎಂದೇ ಹೆಸರಿಟ್ಟಿದ್ದರಂತೆ. ಎಂಥ ಜಾಣರು ನೋಡಿ. ಲೌಡ್‌ಸ್ಪೀಕರಿನ ದೊಡ್ಡ ಕರ್ಣೆಯಿಂದ ಆ ದನಿ ತಂಬನ್ನೆಲ್ಲ ತುಂಬಿತು. ಬಾಗಿಲು ಬಡಿದರೆ ನೆಲ ನಡುಗಿದ ಹಾಗಾಗುತ್ತಿತ್ತು. ಶಂಕ್ರವ್ವ ನನ್ನ ಕೈ ಹಿಡಿದಿದ್ದಳು. ಅವಳು ಪರದೆ ನೋಡುತ್ತಿರಲಿಲ್ಲ, ಗೋಣಿತಟ್ಟಿನ ಆಚೆಯಿಂದ ಬರಬೇಕಾದ ಕೆಮ್ಮಿಗೆ ಕಾಯುತ್ತಿದ್ದಳು. ಕೆಮ್ಮು ಬರಲಿಲ್ಲ. ದನಿ ಮುಗಿದು, ಪರದೆಯ ಮೇಲೆ ಹೆಸರುಗಳು ಬಂದು, ಸಿನೆಮಾದ ಬಾಜಾ ಸುರುವಾದರೂ ಬರಲಿಲ್ಲ. "ವೀರವ್ವ, ನಾ ಅವರನ್ನ ಕೊಂದೆ" ಎಂದು ಅವಳು ಎದ್ದಳು.

ಹೊರಗೆ ಬಂದರೆ ಶೇಂಗಾ ಮಾರುವವನ ಗ್ಯಾಸಬತ್ತಿಯ ಪಕ್ಕ ಮುದಿಯಪ್ಪಣ್ಣ ಕುಕ್ಕರಗಾಲಲ್ಲಿ ಕುಳಿತಿದ್ದ. ಹೆಂಡತಿಯನ್ನು ನೋಡಿದ, ಅವಳ ಮುಖವನ್ನಲ್ಲ, ಕೈಬಳೆಯನ್ನು. ಅವಳು ಅವನ ಎದುರು ನೆಲಕ್ಕೆ ಕುಳಿತು ಹಣೆ ಹಣೆ ಬಡಿದುಕೊಂಡಳು.

"ತಪ್ಪಾತು. ನೀವು ಹೋದ್ರಿ ಅಂತ ತಿಳಿದೆ. ಮಗ್ಗ ನಿಂತ್ವು."

"ಬಿಗಿ ಆಗಿದ್ವು ಅಂದಿ" ಎಂದ.

"ಸುಳ್ಳ ಹೇಳಿದೆ."

ನೆಲಕ್ಕೆ ಬಿದ್ದ ಶೇಂಗಾ ಸಿಪ್ಪೆಯನ್ನು ಒಂದೊಂದಾಗಿ ಆರಿಸತೊಡಗಿದ. ನಾನು ದೂರ ಹೋಗಬೇಕಿತ್ತು, ಹೋಗಲಿಲ್ಲ. ಕೊನೆಗೆ, ಕೂಸು ಏನೋ ಬೇಡಿದ ಹಾಗೆ, ಮೆಲ್ಲಗೆ ಅಂದ: "ಇನ್ನೊಮ್ಮೆ ಅನ್ನು."

"ಏನ್ರಿ?"

"ನನ್ನ ಹೆಸರು."

ಶಂಕ್ರವ್ವ ಬಾಯಿಗೆ ಸೆರಗು ಒತ್ತಿಕೊಂಡು ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಒಮ್ಮೆ ಅಂದದ್ದಕ್ಕ ಎಷ್ಟು ಆಯುಷ್ಯ ಹೋಗೇತೋ ಏನೋ. ಅದೂ ಊರೂರಿಗೆ ಕೂಗ್ಯಾರ. ನನ್ನ ಕೇಳಬ್ಯಾಡ್ರಿ." ಅವನು ಮತ್ತೆ ಕೇಳಲಿಲ್ಲ.

ಮರುದಿನ ಸಂಜೆ ಮುದಿಯಪ್ಪಣ್ಣ ಒಬ್ಬನೇ ತಂಬಿಗೆ ಹೋದ. ಮೊದಲನೇ ಸೀನು ಮುಗಿಯುತ್ತಲೇ ಎದ್ದು ಮನೆಗೆ ಬಂದ. ಅದರ ಮರುದಿನವೂ ಹೋದ. ರಮಜಾನಸಾಬ ಅವನಿಗೆ ತಿಕೀಟು ಕೇಳುವುದನ್ನೇ ಬಿಟ್ಟ. ನಮ್ಮ ಮನೆ ತನಕ ತಂಬಿನ ಕರ್ಣೆ ಕೇಳಿಸುತ್ತದೆ. ಆ ದನಿ ಬರುವ ಹೊತ್ತಿಗೆ ಶಂಕ್ರವ್ವ ದೇವರ ಮುಂದೆ ಕುಳಿತು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ತನ್ನದೇ ದನಿ ದಿನಾ ಸಂಜೆ ಗಂಡನ ಆಯುಷ್ಯ ಕಡಿಯುತ್ತಿದೆ ಎಂದು ಅವಳ ಲೆಕ್ಕ. ರಮಜಾನಸಾಬನ ಹತ್ತಿರ ಹೋಗಿ ಸಿನೆಮಾ ಬದಲಿಸು ಎಂದು ಬೇಡಿದಳು. ಅವನು ಪಾಪ, "ಯಕ್ಕಾ, ರೀಲು ಕಂಪನೀದು. ಮುಗಿಯೂ ತನಕ ಆಡಸಬೇಕು" ಎಂದ. ಗಂಡನಿಗೆ ಬುದ್ಧಿ ಹೇಳು ಎಂದು ನನ್ನ ಹಿಂದೆ ಬಿದ್ದಳು.

ನನಗೂ ಅವನ ಮೇಲೆ ಸಿಟ್ಟಿತ್ತು. ಕಟ್ಟೆಯ ಮೇಲೆ ಕುಳಿತಿದ್ದಾಗ ಕೇಳಿಯೇಬಿಟ್ಟೆ. "ಯಣ್ಣಾ, ಅಕಿ ಜೀವಾ ಯಾಕ ತಿಂತಿ? ನೀ ಸತ್ತಿ ಅಂತ ಅತ್ತದ್ದನ್ನ ಕೇಳಾಕ ದಿನಾ ಹೋಗೂದು ಎಂಥಾ ಹುಚ್ಚು?"

ಅವನು ನಕ್ಕ. ಅವನು ನಕ್ಕದ್ದನ್ನು ನಾನು ಹೆಚ್ಚು ನೋಡಿದವಳಲ್ಲ. "ವೀರವ್ವ, ನಾ ಹೋದರ ಈ ಮನ್ಯಾಗ ಯಾರು ಅತ್ತಾರು ಅಂತ ದವಾಖಾನ್ಯಾಗ ಮಲಗಿ ಭಾಳ ವಿಚಾರ ಮಾಡೇನಿ. ಅಕಿಗೆ ನಾ ಒಂದು ಕೂಸು ಕೊಡಲಿಲ್ಲ, ಒಂದು ಚಲೋ ಮಾತು ಆಡಲಿಲ್ಲ. ಅಕಿ ಬಾಯಾಗ ನನ್ನ ಹೆಸರು ಹ್ಯಾಂಗ ಕೇಳಸತೈತಿ ಅಂತ ಗೊತ್ತ ಇರಲಿಲ್ಲ. ಸತ್ತ ಮ್ಯಾಲೆ ಯಾರು ಅಳತಾರ ಅಂತ ಸತ್ತಾಂವಗ ಎಲ್ಲಿ ಕೇಳಸತೈತಿ? ನನಗ ಕೇಳಿಸೇತಿ. ನಾಕ ದಿನಾ ಕೇಳತೇನಿ, ಬಿಡು."

ಅಷ್ಟು ವರ್ಷ ಎದುರಿಗೇ ಇದ್ದು ಅವರಿಬ್ಬರ ಬಗ್ಗೆ ನಾವು ಆಡಿಕೊಂಡದ್ದೆಲ್ಲ ನೆನಪಾಗಿ, ಎದ್ದು ಒಳಗೆ ಹೋದೆ. ಅವನ ಮಾತನ್ನು ಶಂಕ್ರವ್ವನಿಗೆ ಹೇಳಿದೆ. ಅವಳು ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ಅವನು ತಂಬಿಗೆ ಹೊರಟರೆ ತಡೆಯಲಿಲ್ಲ, ಹೆಗಲಿಗೆ ಕಂಬಳಿ ಹಾಕಿ ಕಳಿಸುತ್ತಿದ್ದಳು. ಬಂದ ಮೇಲೆ ಬಿಸಿ ಹಾಲು ಕೊಡುತ್ತಿದ್ದಳು. ಅಷ್ಟಾದರೂ ಹೆಸರು ಮಾತ್ರ ಹೇಳಲಿಲ್ಲ. ಬದುಕಿದ್ದವನಿಗೆ ಹೆಸರಿಗಿಂತ ಆಯುಷ್ಯ ಮುಖ್ಯ ಎಂದಳು. ನಾನೂ ಒತ್ತಾಯ ಮಾಡಲಿಲ್ಲ.

ತಂಬು ಎದ್ದುಹೋಯಿತು. ಮಳೆಗಾಲದ ಥಂಡಿಗೆ ಮುದಿಯಪ್ಪಣ್ಣನ ಬೇನೆ ತಿರುಗಿ ಬಂತು. ಈ ಸಲ ದವಾಖಾನೆಗೆ ಬೇಡ ಎಂದ. ಒಂದು ದಿನ ನಡುಹಗಲು, ನಾನು ಒಲೆಯ ಮುಂದಿದ್ದಾಗ, ಎದುರುಮನೆಯ ಮಗ್ಗ ನಿಂತಿತು. ಆ ಮಗ್ಗದಲ್ಲಿ ಆಗ ನೇಯುತ್ತಿದ್ದವಳು ಶಂಕ್ರವ್ವ. ನನ್ನ ಗಂಡ ಲಾಳಿ ಕೈಬಿಟ್ಟ. ಪಕ್ಕದವರು ಬಿಟ್ಟರು. ಈ ಸಲ ಸಪ್ಪಳ ನಿಲ್ಲುತ್ತ ನಿಲ್ಲುತ್ತ ನಮ್ಮ ತುದಿಯಿಂದ ಆ ತುದಿಗೆ ಹೋಯಿತು.

ನಾವೆಲ್ಲ ಹೋದಾಗ ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಹೆಂಗಸರು ಸುತ್ತ ಕೂತು ಅವಳ ಅಳುವಿಗೆ ಕಾದರು. ಹೆಂಡತಿ ಅತ್ತ ಮೇಲೆ ಉಳಿದವರು ದನಿ ಎತ್ತುವುದು ನಮ್ಮ ರೂಢಿ. ಅವಳು ಅಳಲಿಲ್ಲ. ಬಳೆಗಳನ್ನು ಒಂದೊಂದಾಗಿ, ಒಡೆಯದೆ, ಕೈಯಿಂದ ಜಾರಿಸಿ ಕಂಡಿಕೆಯ ಬುಟ್ಟಿಯಲ್ಲಿಟ್ಟಳು. ಮಾನವ್ವ, "ಅಳ ತಂಗಿ, ಎದ್ಯಾಗ ಇಟಗೋಬ್ಯಾಡ" ಎಂದಳು.

"ಅವರಿಗೆ ಕೇಳಿಸೂದೆಲ್ಲಾ ಕೇಳಿಸೇತಿ" ಎಂದಳು ಶಂಕ್ರವ್ವ. "ಈಗ ಅತ್ರ ಯಾರಿಗೆ?"

ಕಲ್ಲೆದೆಯವಳು ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ನಾನು ತಿರುಗಿ ಹಾಗೆಂದವಳಿಗೆ ಬಾಯಿಗೆ ಬಂದದ್ದು ಬೈದೆ. ಬೈಯುತ್ತ ಬೈಯುತ್ತ ನಾನೇ ಅಳತೊಡಗಿದೆ. ಆ ಮನೆಯಲ್ಲಿ ಅಂದು ಮೊದಲು ದನಿ ತೆಗೆದವಳು ನಾನು.

ದಿನಕರ್ಮಗಳು ಮುಗಿದ ಮೇಲೆ ರಮಜಾನಸಾಬ ಮಾತಾಡಿಸಲು ಬಂದ. ಮಳೆಗಾಲ ಮುಗಿದರೆ ತಂಬು ಮತ್ತೆ ಹೊರಡುವುದಿತ್ತು, ಮೊದಲು ಜಕ್ಕಲಿಗೆ. ಕಟ್ಟೆಯ ಮೇಲೆ ಕೂತು, ಟೋಪಿ ಸರಿ ಮಾಡಿಕೊಂಡು ಅಂದ:

"ಯಕ್ಕಾ, ರೀಲು ಹರೀತಿರತಾವು, ನಾವು ಕಡದು ಅಂಟಸ್ತಿರತೀವಿ. ನಿಮ್ಮ ದನಿ ಬರೂದು ಇಪ್ಪತ್ತು ಮೂವತ್ತು ಮೊಳ ಅಷ್ಟ. ಅದನ್ನ ಕಡದು ಒಗೀತೇನಿ. ಕಂಪನ್ಯಾವರು ಕೇಳಿದರ ಹರೀತು ಅಂತೇನಿ. ಇನ್ನ ಊರೂರಾಗ ಅಣ್ಣಾರ ಹೆಸರು ಹಿಂಗ ಕೂಗೂದು ಚಲೋ ಅಲ್ಲ."

ಶಂಕ್ರವ್ವ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅದೇ ಬಾಗಿಲು. ಅವನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ದನಿ ಬಂತು.

"ಬ್ಯಾಡ್ರಿ ಅಣ್ಣಾ. ಇನ್ನ ಕಡಿಮಿ ಆಗಾಕ ಅವರ ಆಯುಷ್ಯ ಎಲ್ಲೈತಿ? ಕೂಗಲಿ ಬಿಡ್ರಿ."

ಅವನು ಸಲಾಮು ಮಾಡಿ, ಓಣಿಯುದ್ದಕ್ಕೂ ನಡೆದುಹೋದ. ಶಂಕ್ರವ್ವ ಒಳಗೆ ಹೋಗಿ ಗಂಡನ ಮಗ್ಗದ ಕುಣಿಗೆ ಇಳಿದಳು. ಸ್ವಲ್ಪ ಹೊತ್ತಿಗೆ ಎದುರುಮನೆಯ ಮಗ್ಗ ಸುರುವಾಯಿತು. ನಾನೂ ರಾಟಿಯ ಮುಂದೆ ಕುಳಿತೆ.